ಹೊಂಡದ ಮೀನಿಗೂ ಬೇಕು ಆಳದ ಆಸರೆ

ಮುರ್ಡೇಶ್ವರದ ಎದುರಿನ ನೇತ್ರಾಣಿ ನಡುಗಡ್ಡೆಯ ಹವಳಕ್ಕೂ ಇಳಕಲ್ಲಿನ ಕೃಷಿ ಹೊಂಡಕ್ಕೂ ಏನ್ ಸಂಬಂಧ ಅಂತೀರಾ? ಐತಿ, ನೋಡ್ರಿ.

ಹವಳದ ಸಂದುಗೊಂದುಗಳೇ ಮೀನಿಗೆ ಮನೆ. ಮರಿಗಳು ಅಲ್ಲೇ ಅಡಗಿ ಬೆಳೀತಾವ. ಸಮುದ್ರದ ಮೇಲ್ನೀರು ಬಹಳ ಕಾದರೆ ಹವಳ ಬಿಳಿಚಿ ಸಾಯಬಹುದು. 30ರಿಂದ 150 ಮೀಟರ್ ಆಳದಲ್ಲೂ ಹವಳದ ದಿಬ್ಬಗಳಿವೆ. ಅಲ್ಲಿ ನೀರು ಸಾಮಾನ್ಯವಾಗಿ ತಂಪು, ಹಲವು ಜಾತಿಯ ಮೀನುಗಳಿಗೆ ಅದೇ ನೆಲೆ.

ನಮ್ಮ ಮಲಪ್ರಭೆಯಲ್ಲಿ ಆ ಕೆಲಸ ಮಾಡೋದು ಮಡು. ಬಾದಾಮಿ, ಹುನಗುಂದದ ಕಡೆ ಬೇಸಿಗೆಗೆ ಹೊಳೆ ಬತ್ತಿದಾಗ ಮೀನು ಮಡುವಿನಲ್ಲಿ ಉಳಿದು, ಮಳೆ ಬಂದ ಮೇಲೆ ಮತ್ತೆ ಹೊಳೆಗೆ ಹರಡುತ್ತವೆ. ಆ ಮಡುವನ್ನೇ ಬರಿದು ಮಾಡಿ ಮೀನು ಹಿಡಿದರೆ ಮುಂದಿನ ವರ್ಷದ ಬೀಜವನ್ನೇ ತಿಂದಂಗ.

ಹೊಂಡಕ್ಕೂ ಇದೇ ಲೆಕ್ಕ. ಕಾಟ್ಲಾ ಮೇಲ್ನೀರಿನಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುತ್ತವೆ. ನೀರು ಕಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಅದಕ್ಕೆ ಬೇಸಿಗೆಯಲ್ಲಿ ಬೆಳೆಗೆ ನೀರು ಎತ್ತುವಾಗ ಐದಡಿಯಾದರೂ ಉಳಿಸ್ರಿ. ಮರಿಗಳು ಅಡಗಲು ಒಂದು ಮೂಲೆಯಲ್ಲಿ ಹಳೆ ಪೈಪಿನ ತುಂಡು ಇಡ್ರಿ, ತಳದ ಹಾಳೆ ಹರಿಯದಂಗ ನೋಡಿಕೊಳ್ರಿ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ, ಅವತ್ತು ಮೇವು ನಿಲ್ಲಿಸಿ ತಕ್ಷಣ ಹೊಸ ನೀರು ಬಿಡ್ರಿ.