ಬೀಗರ ಮನೆಯ ಕ್ರಿಸ್ಮಸ್ ಉಡುಗೊರೆ: ಬೆಲೆಯ ಬಗೆಗಿನ ತಪ್ಪು ಕಲ್ಪನೆಗಳು

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಮುದಗಲ್ ತನ್ನ ಕೋಟೆಗೂ ಮೊಹರಂ ಆಚರಣೆಗೂ ಹೆಸರಾದ ಊರು. ಗೋವೆಯಿಂದ ಬಂದ ಮಿಷನರಿಗಳ ಕಾಲದಿಂದ, ಅಂದರೆ 16ನೇ ಶತಮಾನದಿಂದ, ಇಲ್ಲಿ ಕಥೋಲಿಕ ಕುಟುಂಬಗಳು ನೆಲೆಸಿದ್ದು, ಊರಿನ ಚರ್ಚು 1557ರಷ್ಟು ಹಳೆಯದೆಂದು ಹೇಳಲಾಗುತ್ತದೆ. ಮಳೆಯನ್ನೇ ನಂಬಿದ ಈ ಬಯಲುಸೀಮೆಯಲ್ಲಿ ಡಿಸೆಂಬರ್ ತಿಂಗಳೆಂದರೆ ಹತ್ತಿ ಬಿಡಿಸುವ, ತೊಗರಿ ಕೊಯ್ಯುವ ಕಾಲವಾದ್ದರಿಂದ ಹೊಲದಲ್ಲಿ ಕೆಲಸ ಹೆಚ್ಚಿರುತ್ತದೆಯೇ ಹೊರತು ಮಾಲು ಮಾರಿದ ಹಣ ಇನ್ನೂ ಎಲ್ಲರ ಕೈ ಸೇರಿರುವುದಿಲ್ಲ. ಕ್ರಿಸ್ತ ಜಯಂತಿ ಬರುವುದು ಇಂಥ ಸಮಯದಲ್ಲಿ. ಅದರ ಜೊತೆಗೇ ಅತ್ತೆ, ಮಾವ, ನಾದಿನಿ, ಮೈದುನರಿಗೆ ಏನು ಕೊಡಬೇಕೆಂಬ ಪ್ರಶ್ನೆಯೂ ಬರುತ್ತದೆ. ಈ ಪ್ರಶ್ನೆ ಕಷ್ಟವೆನಿಸಲು ಹಣದ ಕೊರತೆ ಎಷ್ಟು ಕಾರಣವೋ, ಉಡುಗೊರೆಯ ಬಗ್ಗೆ ಬೇರೂರಿರುವ ಕೆಲವು ನಂಬಿಕೆಗಳೂ ಅಷ್ಟೇ ಕಾರಣ.

ಅವುಗಳಲ್ಲಿ ಮೊದಲನೆಯದು, ದೊಡ್ಡ ಉಡುಗೊರೆ ಹಬ್ಬದಷ್ಟೇ ಹಳೆಯದು ಮತ್ತು ಧರ್ಮಗ್ರಂಥವೇ ಅದಕ್ಕೆ ಆಧಾರ ಎಂಬುದು. ಪೂರ್ವದೇಶದ ಜ್ಞಾನಿಗಳು ಶಿಶು ಯೇಸುವಿಗೆ ಚಿನ್ನ, ಧೂಪ ಮತ್ತು ರಕ್ತಬೋಳವನ್ನು (ಒಂದು ಬಗೆಯ ಮರದ ಸುಗಂಧದ ಅಂಟು) ಅರ್ಪಿಸಿದರೆಂದು ಮತ್ತಾಯನ ಸುವಾರ್ತೆ ಹೇಳುತ್ತದೆ ನಿಜ, ಆದರೆ ಅದು ಬಂಧುಗಳ ನಡುವಿನ ಕೊಡುಕೊಳ್ಳುವಿಕೆಯಾಗಿರದೆ ದೂರದಿಂದ ಬಂದವರು ಸಲ್ಲಿಸಿದ ಗೌರವವಾಗಿತ್ತು. ಲೂಕನ ಸುವಾರ್ತೆಯ ಎರಡನೇ ಅಧ್ಯಾಯದಲ್ಲಿ, ಅಷ್ಟಾಗಿ ಯಾರೂ ಗಮನಿಸದ ಇನ್ನೊಂದು ಕಾಣಿಕೆಯ ಮಾತಿದೆ. ಮಗುವನ್ನು ದೇವಾಲಯಕ್ಕೆ ಕರೆದೊಯ್ದ ಮರಿಯಳು ಮತ್ತು ಜೋಸೆಫರು ಅರ್ಪಿಸಬೇಕಾಗಿದ್ದುದು ಜೋಡಿ ಬೆಳವಕ್ಕಿ ಇಲ್ಲವೇ ಎರಡು ಪಾರಿವಾಳದ ಮರಿ. ಕುರಿಮರಿ ತರಲಾರದ ಬಡವರಿಗಾಗಿ ಮೋಶೆಯ ಧರ್ಮಶಾಸ್ತ್ರ ಗೊತ್ತುಮಾಡಿದ್ದ ಕಾಣಿಕೆ ಅದು. ಪವಿತ್ರ ಕುಟುಂಬವೇ ತನ್ನ ಕೈಲಾದಷ್ಟನ್ನು ಕೊಟ್ಟು ಬಂದಿರುವಾಗ, ಹಬ್ಬದ ಹೆಸರಿನಲ್ಲಿ ಕೈಮೀರಿ ಕೊಡುವುದಕ್ಕೆ ಆ ಗ್ರಂಥದಿಂದ ಸಮರ್ಥನೆ ಸಿಗುವುದಿಲ್ಲ. ಯುರೋಪಿನಲ್ಲಿಯೂ ಉಡುಗೊರೆಯ ದಿನಗಳೆಂದು ಹಿಂದೆ ರೂಢಿಯಲ್ಲಿದ್ದವು ಡಿಸೆಂಬರ್ 6ರ ಸಂತ ನಿಕೊಲಾಸರ ಹಬ್ಬ ಮತ್ತು ಹೊಸವರ್ಷ. ಇಂದಿನ ರೂಪದ ಕ್ರಿಸ್ಮಸ್ ಉಡುಗೊರೆ ಮುಖ್ಯವಾಗಿ 19ನೇ ಶತಮಾನದಲ್ಲಿ, ನಗರಗಳ ದೊಡ್ಡ ಅಂಗಡಿಗಳ ಜೊತೆಯಲ್ಲಿ ಬೆಳೆದುಬಂದದ್ದು.

ಬೆಲೆ ಹೆಚ್ಚಿದಷ್ಟೂ ಬೀಗರ ಸಂತೋಷ ಹೆಚ್ಚುತ್ತದೆ ಎಂಬ ಎರಡನೆಯ ನಂಬಿಕೆಯನ್ನು ಸಂಶೋಧಕರು ನೇರವಾಗಿ ಪರೀಕ್ಷಿಸಿದ್ದಾರೆ. ಅಮೆರಿಕದ ಫ್ರಾನ್ಸಿಸ್ ಫ್ಲಿನ್ ಮತ್ತು ಗೇಬ್ರಿಯಲ್ ಆಡಮ್ಸ್ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೆಲೆಬಾಳುವ ಉಡುಗೊರೆಗೆ ಹೆಚ್ಚು ಮೆಚ್ಚುಗೆ ಸಿಗುತ್ತದೆಂದು ಕೊಡುವವರು ಎಣಿಸುತ್ತಾರೆ. ಪಡೆದವರ ಮೆಚ್ಚುಗೆಗೂ ಬೆಲೆಗೂ ಮಾತ್ರ ಅಂಥ ಸಂಬಂಧ ಕಂಡುಬರಲಿಲ್ಲ. ಅರ್ಥಶಾಸ್ತ್ರಜ್ಞ ಜೋಯಲ್ ವಾಲ್ಡ್‌ಫೋಗೆಲ್ 1993ರಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ವಿಚಾರಿಸಿ, ಭಾವನಾತ್ಮಕ ಮೌಲ್ಯವನ್ನು ಬದಿಗಿಟ್ಟು ನೋಡಿದರೆ, ಉಡುಗೊರೆಗೆ ತೆತ್ತ ಹಣದ ಹತ್ತನೇ ಒಂದರಿಂದ ಮೂರನೇ ಒಂದು ಪಾಲು ಪಡೆದವರ ಲೆಕ್ಕದಲ್ಲಿ ವ್ಯರ್ಥವಾಗುತ್ತದೆಂದು ಅಂದಾಜು ಮಾಡಿದರು. ಇವು ಅಮೆರಿಕದ ಸಮಾಜವನ್ನು ಕುರಿತ ಅಧ್ಯಯನಗಳು, ಆದ್ದರಿಂದ ಅಲ್ಲಿನ ಅಂಕಿಗಳನ್ನು ಮುದಗಲ್ಲಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ; ಆದರೂ ಯಾರೂ ಉಡದೆ ಪೆಟ್ಟಿಗೆಯ ತಳದಲ್ಲಿ ಉಳಿಯುವ ಮಿರುಗುವ ಸೀರೆಗಳನ್ನೂ, ಮೂಲೆ ಸೇರುವ ಗಾಜಿನ ಸೆಟ್ಟುಗಳನ್ನೂ ಬಲ್ಲವರಿಗೆ ಈ ಮಾತು ಅಪರಿಚಿತವೆನಿಸಲಾರದು.

ಕೇಳಿ ಕೊಟ್ಟರೆ ಉಡುಗೊರೆಯ ಬೆಲೆ ಹೋಯಿತು ಎಂಬುದೂ ಇದರ ಜೊತೆಗೆ ಸೇರಿದ ಮಾತು. ಫ್ರಾನ್ಸೆಸ್ಕಾ ಜಿನೋ ಮತ್ತು ಫ್ಲಿನ್ ಅವರ 2011ರ ಅಧ್ಯಯನದಲ್ಲಿ, ತಾವಾಗಿ ಆರಿಸಿದ್ದೇ ಹೆಚ್ಚು ಕಾಳಜಿಯದೆಂದು ಕೊಡುವವರು ತಿಳಿದಿದ್ದರೆ, ಪಡೆಯುವವರು ತಾವು ಬೇಕೆಂದು ಹೇಳಿದ್ದನ್ನೇ ಹೆಚ್ಚು ಮೆಚ್ಚಿದ್ದರು. ಅತ್ತೆಯನ್ನು ನೇರವಾಗಿ ಕೇಳಲು ಸಂಕೋಚವಿದ್ದರೆ ನಾದಿನಿಯನ್ನೋ ನೆಗೆಣ್ಣಿಯನ್ನೋ ವಿಚಾರಿಸಬಹುದು.

ಬೆಲೆಯ ನಂಬಿಕೆ ಈ ಭಾಗದಲ್ಲಿ ಇಷ್ಟು ಗಟ್ಟಿಯಾಗಿರಲು ಮುಯ್ಯಿ ಎಂಬ ಪದ್ಧತಿಯೂ ಒಂದು ಕಾರಣ. ಒಂದು ಮನೆಯ ಶುಭಕಾರ್ಯದಲ್ಲಿ ಇನ್ನೊಂದು ಮನೆಯವರು ಕೊಟ್ಟದ್ದನ್ನು ನೆನಪಿಟ್ಟು, ಎಷ್ಟೋ ಕಡೆ ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಕಾರ್ಯದಲ್ಲಿ ಅಷ್ಟೇ ಅಥವಾ ತುಸು ಹೆಚ್ಚಾಗಿ ತಿರುಗಿ ಕೊಡುವುದಕ್ಕೆ ಮುಯ್ಯಿ ಎನ್ನುತ್ತಾರೆ. ಕೊಡುವುದು, ಸ್ವೀಕರಿಸುವುದು, ತಿರುಗಿ ಕೊಡುವುದು ಎಂಬ ಮೂರು ಕರ್ತವ್ಯಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆಂದು ಫ್ರೆಂಚ್ ವಿದ್ವಾಂಸ ಮಾರ್ಸೆಲ್ ಮೌಸ್ 1925ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಹಲವು ಸಮಾಜಗಳ ಉದಾಹರಣೆಯಿಂದ ತೋರಿಸಿದ್ದರು. ಹೀಗಿರುವಾಗ ಸಾಲ ಮಾಡಿ ಕೊಟ್ಟ ಐದು ಸಾವಿರದ ಉಡುಗೊರೆ ಎರಡು ಮನೆಗಳ ಮೇಲೆ ಭಾರ ಹೊರಿಸುತ್ತದೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಾದರೆ ಅಸಲನ್ನು ಮುಟ್ಟದೆಯೇ ಹತ್ತು ತಿಂಗಳಿಗೆ 1,500 ರೂಪಾಯಿ ಬಡ್ಡಿ ಕಟ್ಟುವ ಹೊರೆ ಕೊಟ್ಟವರದಾದರೆ, ಮುಂದಿನ ಹಬ್ಬಕ್ಕೆ ಅಷ್ಟನ್ನೇ ಹಿಂದಿರುಗಿಸುವ ಚಿಂತೆ ಪಡೆದವರದಾಗುತ್ತದೆ. ಬೀಗರೂ ಅದೇ ಮಳೆ, ಅದೇ ಪೇಟೆಯ ಧಾರಣೆಯನ್ನು ನಂಬಿ ಬದುಕುವವರೆಂಬುದನ್ನು ನೆನೆದರೆ, ಸುಲಭವಾಗಿ ತಿರುಗಿ ಕೊಡಬಹುದಾದಷ್ಟನ್ನೇ ಕೊಡುವುದು ಅವರಿಗೆ ಸಲ್ಲಿಸುವ ನಿಜವಾದ ಮರ್ಯಾದೆ.

ಹೆಣ್ಣಿನ ತವರಿನವರು ಹಬ್ಬಕ್ಕೆ ಇಂತಿಷ್ಟು ಕೊಡಲೇಬೇಕೆಂದು ಕೇಳುವುದು ಬರೀ ಪದ್ಧತಿ, ಅದಕ್ಕೆ ಕಾನೂನು ಅಡ್ಡಬರುವುದಿಲ್ಲ ಎಂಬ ನಂಬಿಕೆ ಇವೆಲ್ಲಕ್ಕಿಂತ ಅಪಾಯಕಾರಿ. 1961ರ ವರದಕ್ಷಿಣೆ ನಿಷೇಧ ಕಾಯಿದೆ ಹಿಂದೂಗಳಿಗೆ ಮಾತ್ರ ಸಂಬಂಧಿಸಿದ್ದೆಂದು ತಿಳಿದವರೂ ಇದ್ದಾರೆ. ಅದು ಕ್ರೈಸ್ತರನ್ನೂ ಒಳಗೊಂಡು ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಮದುವೆಗೆ ಸಂಬಂಧಿಸಿದಂತೆ ಮದುವೆಗೆ ಮೊದಲು, ಮದುವೆಯಲ್ಲಿ ಅಥವಾ ಮುಂದೆ ಯಾವಾಗಲಾದರೂ ಕೊಟ್ಟ ಸ್ವತ್ತು ಅದರ ವ್ಯಾಖ್ಯೆಯಲ್ಲಿ ಸೇರುತ್ತದೆ, ಮತ್ತು ವರದಕ್ಷಿಣೆಯನ್ನು ಕೇಳುವುದಕ್ಕೇ ಆರು ತಿಂಗಳಿಂದ ಎರಡು ವರ್ಷದವರೆಗೆ ಸೆರೆವಾಸವೂ 10,000 ರೂಪಾಯಿವರೆಗೆ ದಂಡವೂ ಇದೆ. ಯಾರ ಒತ್ತಾಯವೂ ಇಲ್ಲದೆ ಪ್ರೀತಿಯಿಂದ ಕೊಡುವ ಹಬ್ಬದ ಉಡುಗೊರೆಯನ್ನು ಕಾನೂನು ತಡೆಯುವುದಿಲ್ಲ.

ಇನ್ನು ವಸ್ತುಗಳ ಆಯ್ಕೆಗೆ ಬಂದರೆ, ಸೀರೆ ಕೊಡುವುದಾದರೆ ರೇಷ್ಮೆಯದೇ ಆಗಬೇಕೆಂಬ ಮಾತನ್ನು ಈ ಪ್ರದೇಶದ ನೇಯ್ಗೆಯ ಪರಂಪರೆಯೇ ಒಪ್ಪುವುದಿಲ್ಲ. ಮುದಗಲ್ಲಿಗೆ ಹತ್ತಿರದ ಇಳಕಲ್ಲಿನ ಸೀರೆ, ಭೌಗೋಳಿಕ ಗುರುತಿನ ಮಾನ್ಯತೆ ಪಡೆದದ್ದು, ಹತ್ತಿಯಲ್ಲಿಯೂ ನೇಯಲ್ಪಡುತ್ತದೆ. ಅದನ್ನು ಅದಾಗಿಸುವುದು ಟೋಪಿ ತೆನಿ ಎಂಬ ವಿಧಾನ: ಸೆರಗಿನ ಹಾಸಿನ ಎಳೆಗಳನ್ನು ಒಡಲಿನ ಹಾಸಿನ ಎಳೆಗಳಿಗೆ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸಿ ನೇಯುವುದು. ಕೊಳ್ಳುವವರು ಸೀರೆಯನ್ನು ಬೆಳಕಿಗೆ ಹಿಡಿದು ಕೆಂಪು ಸೆರಗು ಒಡಲನ್ನು ಸೇರುವ ಗೆರೆಯ ಮೇಲೆ ಬೆರಳಾಡಿಸಿದರೆ ಈ ಜೋಡಣೆ ತಿಳಿಯುತ್ತದೆ. ಹತ್ತಿಯ ಒಡಲಿನ ಸೀರೆ ರೇಷ್ಮೆಯದಕ್ಕಿಂತ ಅಗ್ಗ, ದಿನಬಳಕೆಗೂ ಸೈ. ಇಳಕಲ್ ಸೀರೆ ಆರು ಗಜದಲ್ಲಿಯೂ ಒಂಬತ್ತು ಗಜದಲ್ಲಿಯೂ ಸಿಗುವುದರಿಂದ, ಹಿರಿಯ ಅತ್ತೆ ಉಡುವುದು ಯಾವುದೆಂದು ಮೊದಲೇ ತಿಳಿದುಕೊಳ್ಳುವುದು ಬೆಲೆಗಿಂತ ಮುಖ್ಯವಾದ ಸಂಗತಿ. ಸೀರೆಯೇ ಭಾರವಾದರೆ ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ, ಇನ್ನೂ ಕಡಿಮೆ ಹಣಕ್ಕೆ ದೊರೆಯುತ್ತದೆ.

ಮನೆಯಲ್ಲಿ ಮಾಡಿದ ತಿಂಡಿ ಒಯ್ದರೆ ಬಡತನ ಬಯಲಾಗುತ್ತದೆಂಬ ಅಳುಕಿಗೂ ಆಧಾರವಿಲ್ಲ; ಮಂಗಳೂರಿನ ಕಥೋಲಿಕರಲ್ಲಿ ಅನುಕೂಲಸ್ಥ ಮನೆತನಗಳೂ ಕುಸ್ವಾರ್ ಎನ್ನುವ ಹಬ್ಬದ ತಿಂಡಿಗಳ ತಟ್ಟೆಯನ್ನೇ ಬಂಧುಗಳಿಗೂ ನೆರೆಯವರಿಗೂ ಹಂಚುತ್ತವೆ. ಈ ಭಾಗದ ಶೇಂಗಾ ಹೋಳಿಗೆ ಹಲವು ದಿನ ಕೆಡದೆ ಉಳಿಯುವುದರಿಂದ ಬಸ್ಸಿನ ಪ್ರಯಾಣಕ್ಕೂ ಹೊಂದುತ್ತದೆ. ಆದರೆ ಬೆಲ್ಲದ್ದಾದರೆ ಸಕ್ಕರೆ ಕಾಯಿಲೆಯವರು ತಿನ್ನಬಹುದು ಎಂಬುದು ಸುಳ್ಳು. ಬೆಲ್ಲದಲ್ಲಿರುವುದೂ ಬಹುಪಾಲು ಸಕ್ಕರೆಯೇ ಆದ್ದರಿಂದ ರಕ್ತದ ಸಕ್ಕರೆ ಏರಿಯೇ ಏರುತ್ತದೆ. ಮಾವನಿಗೆ ಅಂಥ ಕಾಯಿಲೆಯಿದ್ದರೆ ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಶೇಂಗಾ ಹಿಂಡಿಗಳನ್ನು (ಹುರಿದು, ಬೆಳ್ಳುಳ್ಳಿ, ಉಪ್ಪು, ಖಾರ ಸೇರಿಸಿ ಕುಟ್ಟಿದ ಪುಡಿಗಳು) ಗಾಜಿನ ಭರಣಿಗಳಲ್ಲಿ ತುಂಬಿ, ಜೊತೆಗೆ ಒಂದು ಕಟ್ಟು ಖಡಕ್ ಸಜ್ಜಿ ರೊಟ್ಟಿ ಕೊಡುವುದು ಒಳ್ಳೆಯದು. ದುಡಿಮೆಗಾಗಿ ಬೆಂಗಳೂರು ಸೇರಿ ಹಬ್ಬಕ್ಕೆ ಊರಿಗೆ ಬಂದ ಮೈದುನನ ಕುಟುಂಬಕ್ಕೂ ಅಂಗಡಿಯ ಕೇಕಿಗಿಂತ ಇದೇ ಹೆಚ್ಚು ದಿನ ಒದಗುತ್ತದೆ.

ಉಡುಗೊರೆ ಡಿಸೆಂಬರ್ 25ರ ಒಳಗೇ ತಲುಪಬೇಕೆಂಬ ಆತುರಕ್ಕೂ ಧರ್ಮಸಭೆಯ ಪಂಚಾಂಗದಲ್ಲಿ ಕಾರಣ ಸಿಗುವುದಿಲ್ಲ. ಕಥೋಲಿಕರಿಗೆ ಕ್ರಿಸ್ಮಸ್ ಒಂದು ದಿನದ ಹಬ್ಬವಾಗಿರದೆ ಜನವರಿಯವರೆಗೆ ನಡೆಯುವ ಕಾಲವಾಗಿದ್ದು, ಜ್ಞಾನಿಗಳ ಭೇಟಿಯನ್ನು ಸ್ಮರಿಸುವ ಹಬ್ಬ ಜನವರಿ 6ಕ್ಕೆ ಬರುತ್ತದೆ. ಭಾರತದಲ್ಲಿ ಅದನ್ನು ಜನವರಿ ಮೊದಲ ವಾರದ ಆಸುಪಾಸಿನ ಭಾನುವಾರ ಆಚರಿಸುತ್ತಾರೆ. ಸ್ಪೇನಿನಲ್ಲಿ ಮಕ್ಕಳು ಉಡುಗೊರೆಗೆ ಕಾಯುವುದು ಸಾಂಪ್ರದಾಯಿಕವಾಗಿ ಆ ಹಬ್ಬಕ್ಕೇ. ಹತ್ತಿಯ ಹಣ ಬರುವುದು ತಡವಾದ ವರ್ಷದಲ್ಲಿ, ಕ್ರಿಸ್ಮಸ್ಸಿನಂದು ಹಿಂಡಿ ರೊಟ್ಟಿಗಳೊಡನೆ ಬೀಗರ ಮನೆಗೆ ಹೋಗಿ ಅಲ್ಲಿನ ಗೋದಲಿಯ ಮುಂದೆ ಕೂತು ಬಂದು, ಸೀರೆಯನ್ನು ಜನವರಿಯ ಆ ಭಾನುವಾರಕ್ಕೆ ಇಟ್ಟುಕೊಳ್ಳಲು ಯಾವ ಅಡ್ಡಿಯೂ ಇಲ್ಲ.