ಒಂದು ವಿಡಿಯೊ, ಹಲವು ಪರದೆ: ಹಂಚುವ ಕಾರ್ಡಿನ ಕೆಲಸ

ನ್ಯೂಜೆರ್ಸಿಯ ಸೆಕಾಕಸ್‌ನಲ್ಲಿ 2014ರಲ್ಲಿ ಎನ್‌ಬಿಎ ತನ್ನ ರಿಪ್ಲೇ ಕೇಂದ್ರ ತೆರೆಯಿತು. ಬೇರೆ ಬೇರೆ ಊರುಗಳ ಬಾಸ್ಕೆಟ್‌ಬಾಲ್ ಅಂಗಳದ ದೃಶ್ಯಗಳನ್ನು ಅಲ್ಲಿ ಕೂತೇ ಪರಿಶೀಲಿಸುತ್ತಾರೆ. ಇಂಥ ಕಡೆ ಒಂದೇ ವಿಡಿಯೊ ಹಲವು ಪರದೆ, ರೆಕಾರ್ಡರ್‌ಗಳಿಗೆ ಒಟ್ಟಿಗೆ ಹೋಗಬೇಕು. ಅದಕ್ಕೆ ಕೇಬಲನ್ನೇ ಕವಲು ಮಾಡಿದ್ರೆ ಸಾಲದೇ? ಇವತ್ತು ನಾವು ಅದನ್ನೇ ನೋಡೋಣ.

ಸಾಲದು. ಎಸ್‌ಡಿಐ ಕೇಬಲಿನ ಇಂಪೀಡೆನ್ಸ್, ಅಂದ್ರೆ ಸಂಕೇತಕ್ಕೆ ಅದು ಒಡ್ಡುವ ತಡೆ, 75 ಓಮ್. ಎರಡು ಕವಲು ಸೇರಿದಲ್ಲಿ ಅದು 37.5ಕ್ಕೆ ಇಳಿಯುತ್ತೆ. ಆಗ ವೋಲ್ಟೇಜಿನ ಮೂರನೇ ಒಂದು ಭಾಗ ಬಾವಿಯೊಳಗಿನ ಪ್ರತಿಧ್ವನಿಯ ಹಾಗೆ ಹಿಂದಕ್ಕೆ ಬರುತ್ತೆ. ಎಚ್‌ಡಿಯಲ್ಲಿ ಸೆಕೆಂಡಿಗೆ ಸುಮಾರು 150 ಕೋಟಿ ಬಿಟ್‌ಗಳು ಓಡುತ್ತವೆ. ಅವು ಕಲಸಿಹೋದ್ರೆ ಚಿತ್ರ ಒಡೆಯುತ್ತೆ.

ಹಂಚುವ ಕಾರ್ಡ್ ಸವೆದ ಸಂಕೇತವನ್ನು ಸರಿಪಡಿಸಿ, ಪ್ರತಿ ಕೇಬಲಿಗೂ ಪ್ರತ್ಯೇಕವಾಗಿ ಪೂರ್ತಿ ಬಲದಲ್ಲಿ ಕಳಿಸುತ್ತೆ. ಓಪನ್‌ಗೇರ್ ಮಾದರಿಯ ಫ್ರೇಮಿನಲ್ಲಿ ಮೊದಲು ಹಿಂಬದಿಗೆ ಕೇಬಲ್ ಸಿಕ್ಕಿಸುವ ಭಾಗವನ್ನು ಬಿಗಿಯಬೇಕು, ಆಮೇಲೆ ಮುಂದಿನಿಂದ ಕಾರ್ಡ್ ತಳ್ಳಬೇಕು. ವಿದ್ಯುತ್ ಆರಿಸಬೇಕಿಲ್ಲ.

ಫ್ರೇಮಿನ ನೆಟ್‌ವರ್ಕ್ ಕಾರ್ಡಿಗೆ ಐಪಿ ವಿಳಾಸ ಕೊಟ್ಟರೆ ಮ್ಯಾನ್‌ಹಟನ್‌ನಲ್ಲಿ ಕೂತವರೂ ಡ್ಯಾಶ್‌ಬೋರ್ಡ್ ಎಂಬ ತಂತ್ರಾಂಶದಲ್ಲಿ ಸಂಕೇತ ಬರ್ತಿದೆಯೇ ಅಂತ ನೋಡಬಹುದು, ಸೆಟ್ಟಿಂಗ್ ಬದಲಿಸಬಹುದು. ವಿಡಿಯೊದ ದಾರಿ ಬೇರೆ, ನಿಯಂತ್ರಣದ ದಾರಿ ಬೇರೆ. ನೆಟ್‌ವರ್ಕ್ ಬಿದ್ದರೂ ಚಿತ್ರ ನಿಲ್ಲಲ್ಲ. ಆದರೆ ಈ ದಾರಿ ಅಪರಿಚಿತರಿಗೂ ತೆರೆದಿರಬಾರದು, ವಿಪಿಎನ್ ಹಾಕಲೇಬೇಕು.

ಕಳಚಿದ ಕೇಬಲನ್ನು ಮಾತ್ರ ದೂರದಿಂದ ಸಿಕ್ಕಿಸೋಕಾಗಲ್ಲ. ಹಾಗಾಗಿ ಪ್ರತಿ ಕೇಬಲಿಗೂ ಹೆಸರು ಬರೆದು ಅಂಟಿಸಿ. ಫೋನಿನಲ್ಲಿ ಹೇಳಿದ್ರೆ ಅಲ್ಲಿರೋರಿಗೆ ತಕ್ಷಣ ಸಿಗುವಂತಿರಲಿ.