ಜನಪದರ ಅಂಜಿಕೆಯ ನುಡಿಗಳು ಮತ್ತು ಆಪ್ತಸಮಾಲೋಚನೆ

ಭಯವನ್ನು ಸೂಚಿಸಲು ಕನ್ನಡ ಜನಪದರು ಒಂದೇ ಪದವನ್ನು ನೆಚ್ಚಿಕೊಂಡವರಲ್ಲ. ಅಂಜಿಕೆ, ಅಳುಕು, ದಿಗಿಲು, ಗಾಬರಿ, ಕಳವಳ, ತಳಮಳ ಎಂಬ ಪದಗಳಲ್ಲಿ ಒಂದೊಂದಕ್ಕೂ ಬೇರೆಯೇ ಅರ್ಥಚ್ಛಾಯೆಯಿದೆ. ಹಾವು ಎದುರಾದಾಗ ಆಗುವುದು ಗಾಬರಿ; ಪೇಟೆಗೆ ಹೋದ ಮಗ ಹೊತ್ತು ಮುಳುಗಿದರೂ ಬಾರದಿದ್ದಾಗ ತಾಯಿಗೆ ಆಗುವುದು ಕಳವಳ. ಮನೋವಿಜ್ಞಾನವು ಭಯ ಮತ್ತು ಆತಂಕಗಳ ನಡುವೆ ಮಾಡುವ ಭೇದವೂ ಸರಿಸುಮಾರು ಇದೇ ಆಗಿದೆ: ಮೊದಲನೆಯದಕ್ಕೆ ಕಣ್ಣೆದುರಿನ ಅಪಾಯ ಕಾರಣ, ಎರಡನೆಯದಕ್ಕೆ ಬರಬಹುದಾದ ಅಪಾಯದ ನಿರೀಕ್ಷೆ.

ಈ ಪದಗಳಿಗಿಂತ ಗಮನಾರ್ಹವಾದವು ದೇಹವನ್ನು ಆಶ್ರಯಿಸಿದ ನುಡಿಗಟ್ಟುಗಳು. 'ಎದೆ ಡವಡವ ಎಂದಿತು', 'ಕೈಕಾಲು ತಣ್ಣಗಾದವು', 'ಬಾಯಿ ಒಣಗಿತು' ಎಂಬಲ್ಲಿ ಉತ್ಪ್ರೇಕ್ಷೆಯಿಲ್ಲ. ಭಯವಾದಾಗ ಅಡ್ರಿನಲಿನ್ ಸ್ರವಿಸಿ ಹೃದಯದ ಬಡಿತ ಏರುತ್ತದೆ, ಚರ್ಮದ ರಕ್ತನಾಳಗಳು ಸಂಕುಚಿಸುತ್ತವೆ, ಜೊಲ್ಲು ಕಡಿಮೆಯಾಗುತ್ತದೆ. 'ನನಗೆ ಆತಂಕವಿದೆ' ಎಂದು ಹೇಳಿಕೊಳ್ಳುವ ಹಳ್ಳಿಗರು ವಿರಳ. 'ಎದೆ ಹಾರುತ್ತದೆ' ಎನ್ನುವವರೇ ಹೆಚ್ಚು. ಅಂಥವರಿಗೆ ಹೃದಯದ ತಪಾಸಣೆ ಅಗತ್ಯವೇ. ಆದರೆ ಅದರಲ್ಲಿ ದೋಷ ಕಾಣದಿದ್ದಾಗ 'ಏನೂ ಇಲ್ಲ, ಹೋಗಿ' ಎಂದು ಕಳುಹಿಸಿದರೆ ನರಳಿಕೆ ಹಾಗೆಯೇ ಉಳಿಯುತ್ತದೆ. ಸಮಾಲೋಚಕರು ವಿಚಾರಣೆಯನ್ನು ಆರಂಭಿಸಬೇಕಾದುದು ಆ ನುಡಿಗಟ್ಟಿನಿಂದಲೇ.

'ಅಂಜಿದವನ ಮೇಲೆ ಕಪ್ಪೆ ಎಸೆದಂತೆ' ಎಂಬ ಗಾದೆಯು ಅಂಜಿದವನನ್ನು ಒಮ್ಮೆಲೇ ಅಂಜಿಕೆಯ ಬಾಯಿಗೆ ನೂಕುವ ಕ್ರೌರ್ಯವನ್ನು ಹೇಳುತ್ತದೆ. 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಅವರು ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಮಗುವಿಗೆ ಇಷ್ಟದ ತಿನಿಸು ಕೊಡುತ್ತ, ಮೊಲವನ್ನು ಹಂತಹಂತವಾಗಿ ಸಮೀಪಕ್ಕೆ ತಂದು ಭಯವನ್ನು ಇಳಿಸಿದ ಪ್ರಯೋಗವನ್ನು ವರದಿ ಮಾಡಿದರು. ಮೆಲ್ಲಮೆಲ್ಲನೆ ಎದುರಿಸುವ ಈ ಕ್ರಮವೇ ಇಂದಿನ ಭಯಚಿಕಿತ್ಸೆಯ ಒಂದು ಮುಖ್ಯ ಆಧಾರವಾಗಿದೆ.

ಇದಕ್ಕೆ ವಿರುದ್ಧವಾದ ನಿದರ್ಶನವೂ ನಮ್ಮಲ್ಲಿದೆ. 1990ರ ದಶಕದಲ್ಲಿ ಕರ್ನಾಟಕದ ಹಲವೆಡೆ ಮನೆಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆಯುವ ರೂಢಿ ಹಬ್ಬಿತ್ತು. ಪರಿಚಿತರ ಧ್ವನಿಯಲ್ಲಿ ಕೂಗುವ ದೆವ್ವವು ಬರಹವನ್ನು ಓದಿ ಹಿಂದಿರುಗುತ್ತದೆ, ಮರುದಿನವೂ ಅದನ್ನೇ ಓದುತ್ತದೆ ಎಂಬುದು ನಂಬಿಕೆ. (ದೆವ್ವಕ್ಕೆ ಅಕ್ಷರಜ್ಞಾನವಿರಬೇಕೆಂಬುದನ್ನು ಯಾರೂ ಪ್ರಶ್ನಿಸಿದಂತಿಲ್ಲ.) 1983ರಲ್ಲಿ ಬೋರ್ಕೊವೆಕ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನವು ಮೇಲ್ನೋಟಕ್ಕೆ ಇದನ್ನೇ ಹೋಲುತ್ತದೆ: ದಿನವೂ ನಿಗದಿತ ಸ್ಥಳದಲ್ಲಿ, ನಿಗದಿತ ಅರ್ಧ ಗಂಟೆ ಮಾತ್ರ ಚಿಂತಿಸುವುದು, ಉಳಿದ ಹೊತ್ತಿನ ಚಿಂತೆಯನ್ನು ಅಲ್ಲಿಗೆ ಮುಂದೂಡುವುದು. ಆದರೆ ಇಲ್ಲಿ ಆ ಹೊತ್ತು ಬಂದೇ ಬರುತ್ತದೆ, ಚಿಂತೆಯೊಡನೆ ಮುಖಾಮುಖಿ ತಪ್ಪುವುದಿಲ್ಲ. 'ನಾಳೆ ಬಾ' ಎಂಬಲ್ಲಿ ನಾಳೆ ಬರುವುದೇ ಇಲ್ಲ; ಆದ್ದರಿಂದ ದೆವ್ವ ಇಲ್ಲವೆಂಬುದನ್ನು ಕಂಡುಕೊಳ್ಳುವ ಅವಕಾಶವೂ ಒದಗುವುದಿಲ್ಲ. ಜನಪದ ಆಚರಣೆಗಳೆಲ್ಲವನ್ನೂ ಚಿಕಿತ್ಸೆಯೆಂದು ಕೊಂಡಾಡುವ ನಮ್ಮ ಕೆಲವು ವಿದ್ವಾಂಸರು ಈ ವ್ಯತ್ಯಾಸವನ್ನು ಲಕ್ಷಿಸಿಲ್ಲವೆಂದೇ ಹೇಳಬೇಕು.

ಬೆಚ್ಚಿದ ಮಗುವಿಗೆ ಉಪ್ಪು, ಮೆಣಸಿನಕಾಯಿ ನಿವಾಳಿಸುವ ಅಜ್ಜಿಯ ವಿಷಯ ಬೇರೆ. ಅಲ್ಲಿ ಮಡಿಲು, ಸ್ಪರ್ಶ, 'ಹೋಯಿತು, ಬಿಡು' ಎಂಬ ಮಾತು ಇವೆ. ಮಗು ಸುಧಾರಿಸಿದರೆ ಅದರ ಯಶಸ್ಸು ಮೆಣಸಿನಕಾಯಿಗಿಂತ ಮಡಿಲಿಗೆ ಸಲ್ಲಬೇಕು.

2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿ ಸೇವೆಯಲ್ಲಿ (14416) ಕನ್ನಡದಲ್ಲಿಯೂ ಸಮಾಲೋಚನೆ ದೊರೆಯುತ್ತದೆ. ದೂರವಾಣಿಯಲ್ಲಿ ಮುಖ ಕಾಣದು, ನಡುಗುವ ಕೈ ಕಾಣದು, ಕೇಳಿಸುವುದು ನುಡಿಯಷ್ಟೇ. ಪ್ರದೇಶವಾರು ಅಂಜಿಕೆಯ ನುಡಿಕೋಶವೊಂದನ್ನು ಸಿದ್ಧಪಡಿಸಿ ಇಂಥ ಸಮಾಲೋಚಕರ ಕೈಗಿಡುವುದು ಜಾನಪದ ಸಂಶೋಧಕರಿಂದ ಆಗಬಹುದಾದ ಕೆಲಸ.